ಅಪ್ಪನ ಬೈಪಾಸ್: ಮೂರು ತೊಡಕು, ನಾಲ್ಕು ಸ್ಟಾರ್

ಅಪ್ಪನಿಗೆ ಬೈಪಾಸ್ ಆಗಿ ನಾಲ್ಕು ತಿಂಗಳಾಯಿತು. ಆಪರೇಷನ್ ಆದ ರಾತ್ರಿಯೇ ರಕ್ತ ಸೋರಿ ಎದೆಯನ್ನು ಮತ್ತೆ ತೆರೆಯಬೇಕಾಯಿತು. ಮೂರನೇ ರಾತ್ರಿ ಹೃದಯದ ಬಡಿತ ತಾಳ ತಪ್ಪಿತು. ಮನೆಗೆ ಬಂದ ಮೇಲೆ ಕಾಲಿನ ಗಾಯ ಕೀವಾಯಿತು. ಇಷ್ಟೆಲ್ಲ ಆದರೂ ನಾನು ಆ ಆಸ್ಪತ್ರೆಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಚಿಕ್ಕಪ್ಪನಿಗೆ ಇದು ಒಪ್ಪಿಗೆಯಿಲ್ಲ. "ಮೂರು ಸಲ ಎಡವಿದವರಿಗೆ ನಾಲ್ಕು ಸ್ಟಾರಾ?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕಡಿಮೆ ಮಾಡಿದ ಒಂದು ಸ್ಟಾರ್ ಯಾವುದಕ್ಕೆ ಅನ್ನುವುದನ್ನೂ ಹೇಳುತ್ತೇನೆ. ಅದು ರಕ್ತ ಸೋರಿದ್ದಕ್ಕಲ್ಲ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ನಾನು ಕೊಟ್ಟ ಒಂದು ದೂರಿನ ವಿಚಾರಣೆ ಅಲ್ಲಿ ಇನ್ನೂ ನಡೆಯುತ್ತಿದೆ. ಅದು ಮುಗಿಯುವ ಮೊದಲೇ ಹೆಸರು ಹಿಡಿದು ಬರೆಯುವುದು ಸರಿಯಲ್ಲ ಅನ್ನಿಸಿತು. ಬೈಪಾಸ್‌ಗೆ ಆಸ್ಪತ್ರೆ ಹುಡುಕುತ್ತಿರುವವರಿಗೆ ಏನು ಕೇಳಬೇಕು, ಏನು ನೋಡಬೇಕು ಅನ್ನುವುದು ಗೊತ್ತಾದರೆ ಸಾಕು.

ನಾನು ಬೇರಿಂಗ್ ಮಾಡುವ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. 19 ವರ್ಷವಾಯಿತು. ಇಷ್ಟು ಮಾಲು ರಿಜೆಕ್ಟ್ ಆಯಿತು ಎಂದು ಯಾರಾದರೂ ಹೇಳಿದರೆ ನನ್ನ ಬಾಯಿಗೆ ಮೊದಲು ಬರುವ ಪ್ರಶ್ನೆ "ಎಷ್ಟರಲ್ಲಿ?" ಆಮೇಲೆ, "ಯಾರು ಎಣಿಸಿದರು? ಯಾವ ಹಂತದವರೆಗೆ ಎಣಿಸಿದರು?" ಅಪ್ಪನಿಗೆ ಆಸ್ಪತ್ರೆ ಹುಡುಕುವಾಗಲೂ ಇದೇ ಪ್ರಶ್ನೆಗಳನ್ನು ಹಿಡಿದುಕೊಂಡು ಹೋದೆ.

ಅಪ್ಪನಿಗೆ 66 ವರ್ಷ. 14 ವರ್ಷದಿಂದ ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ ಎನ್ನುತ್ತಿದ್ದವರು ಒಂದು ದಿನ ಅರ್ಧ ಮೆಟ್ಟಿಲಲ್ಲೇ ಕುಳಿತುಬಿಟ್ಟರು. ಆಂಜಿಯೋಗ್ರಾಮ್ ಮಾಡಿಸಿದಾಗ ಮೂರೂ ರಕ್ತನಾಳಗಳಲ್ಲಿ ಬ್ಲಾಕ್ ಇತ್ತು. ಸ್ಟೆಂಟ್ ಹಾಕಿ ಮುಗಿಸಬಾರದಾ ಎಂದು ಅಮ್ಮ ಕೇಳಿದರು. ಎದೆ ಸೀಳುತ್ತಾರೆ ಅಂದರೆ ಯಾರಿಗೆ ಭಯವಾಗುವುದಿಲ್ಲ, ಅಲ್ವಾ?

ಹೃದಯದ ಡಾಕ್ಟರ್ ಅಮ್ಮನ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. 2012ರಲ್ಲಿ ಹೊರಬಂದ ಫ್ರೀಡಂ ಎಂಬ ಅಧ್ಯಯನದ ಬಗ್ಗೆ ಹೇಳಿದರು. ಶುಗರ್ ಇದ್ದು, ಒಂದಕ್ಕಿಂತ ಹೆಚ್ಚು ರಕ್ತನಾಳ ಕಟ್ಟಿಕೊಂಡಿದ್ದ 1,900 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಟೆಂಟ್, ಇನ್ನೊಂದಕ್ಕೆ ಬೈಪಾಸ್ ಮಾಡಿದ್ದರು. ಸಾವು, ಹೃದಯಾಘಾತ, ಪಾರ್ಶ್ವವಾಯು, ಈ ಮೂರರಲ್ಲಿ ಒಂದಾದರೂ ಐದು ವರ್ಷದೊಳಗೆ ಆದವರು ಸ್ಟೆಂಟ್ ಗುಂಪಿನಲ್ಲಿ ಶೇ. 26.6, ಬೈಪಾಸ್ ಗುಂಪಿನಲ್ಲಿ ಶೇ. 18.7. ಆದರೆ ಪಾರ್ಶ್ವವಾಯು ಒಂದನ್ನೇ ತೆಗೆದುಕೊಂಡರೆ ಬೈಪಾಸ್ ಆದವರಲ್ಲೇ ಜಾಸ್ತಿ. ಅಲ್ಲಿ ಶೇ. 5.2, ಸ್ಟೆಂಟ್‌ನಲ್ಲಿ ಶೇ. 2.4. ಲಾಭದ ಜೊತೆಗೆ ನಷ್ಟವನ್ನೂ ಅದೇ ಉಸಿರಿನಲ್ಲಿ ಹೇಳಿದ್ದರಿಂದ ಅವರ ಮಾತಿನ ಮೇಲೆ ಅಮ್ಮನಿಗೆ ನಂಬಿಕೆ ಬಂತು. ಬೈಪಾಸ್ ಎಂದು ತೀರ್ಮಾನವಾಯಿತು. ಎಲ್ಲಿ ಅನ್ನುವುದು ಉಳಿಯಿತು.

ಮೊದಲು ಹೋದ ಆಸ್ಪತ್ರೆ ತುಂಬ ದೊಡ್ಡದು. ಅಲ್ಲಿ ನಮ್ಮನ್ನು ಕೂರಿಸಿ ಮಾತಾಡಿದವರು ಡಾಕ್ಟರ್ ಅಲ್ಲ, ಮಾಹಿತಿ ಕೊಡುವ ಸಿಬ್ಬಂದಿ. "ನಮ್ಮಲ್ಲಿ 99 ಪರ್ಸೆಂಟ್ ಸಕ್ಸೆಸ್" ಎಂದರು. ಎಷ್ಟು ಆಪರೇಷನ್‌ನಲ್ಲಿ ಎಂದು ಕೇಳಿದೆ. ಅವರ ಬಳಿ ಉತ್ತರವಿರಲಿಲ್ಲ. ಸಕ್ಸೆಸ್ ಅಂದರೆ ಏನು, ಬದುಕಿ ಮನೆಗೆ ಹೋಗುವುದಾ, ತೊಂದರೆಯಿಲ್ಲದೆ ಹೋಗುವುದಾ ಎಂದು ಕೇಳಿದೆ. ಅದಕ್ಕೂ ಇರಲಿಲ್ಲ. ನನಗೆ ಬೇಸರವಾಗಿದ್ದು ಬೇರೆ ಕಾರಣಕ್ಕೆ. ಅಪ್ಪನ ಕಿಡ್ನಿ ಹೇಗಿದೆ, ಹೃದಯ ಎಷ್ಟು ಬಲವಾಗಿ ಹಿಂಡುತ್ತದೆ, ಶುಗರ್‌ಗೆ ಮಾತ್ರೆಯಾ ಇನ್ಸುಲಿನ್ನಾ, ಒಂದನ್ನೂ ಕೇಳದೆ ಆ 99 ನಮಗೆ ಬಂದಿತ್ತು. ನಮ್ಮ ಹಿಂದೆ ಕುಳಿತಿದ್ದವರಿಗೂ ಅದೇ 99 ಹೋಗುತ್ತಿತ್ತು.

ಎರಡನೇ ಆಸ್ಪತ್ರೆಯಲ್ಲಿ ಸರ್ಜನ್ ಜೊತೆಗಿದ್ದ ಕಿರಿಯ ಡಾಕ್ಟರ್ ಕಂಪ್ಯೂಟರ್ ಮುಂದೆ ಕುಳಿತು ಒಂದೊಂದೇ ಕೇಳುತ್ತಾ ತುಂಬಿದರು. ವಯಸ್ಸು, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಎಕೋ ಸ್ಕ್ಯಾನ್‌ನಲ್ಲಿ ಬಂದ ಹೃದಯದ ಪಂಪಿಂಗ್ ಶಕ್ತಿ, ಇನ್ಸುಲಿನ್, ಶ್ವಾಸಕೋಶ, ನಡೆದಾಡಲು ಕಷ್ಟವಿದೆಯೇ. ಇದು ಹೃದಯದ ಆಪರೇಷನ್‌ನಲ್ಲಿ ಸಾವಿನ ಅಪಾಯ ಎಷ್ಟು ಎಂದು ಅಂದಾಜು ಮಾಡುವ ಯೂರೋಸ್ಕೋರ್ ಎಂಬ ಲೆಕ್ಕ. 1999ರಲ್ಲಿ ಬಂದಿದ್ದು, 2012ರಲ್ಲಿ ಅದರ ತಿದ್ದಿದ ರೂಪ ಬಂತು. ಅಪ್ಪನಿಗೆ ಬಂದ ಅಂಕಿ ನೂರಕ್ಕೆ ಎರಡರ ಆಸುಪಾಸು. ಅಂದರೆ ಅಪ್ಪನಂಥ ನೂರು ಜನಕ್ಕೆ ಈ ಆಪರೇಷನ್ ಮಾಡಿದರೆ ಇಬ್ಬರು ಉಳಿಯದೆ ಇರಬಹುದು. ಇದನ್ನು ಅಪ್ಪನ ಎದುರಿಗೇ ಹೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "98 ಜನ ಉಳೀತಾರಲ್ಲ ಡಾಕ್ಟ್ರೇ" ಎಂದರು.

ಆಮೇಲೆ ಸರ್ಜನ್ ಬಂದು ಕುಳಿತು ಆಗಬಹುದಾದ ತೊಂದರೆಗಳನ್ನು ಹೇಳಿದರು. ಪಾರ್ಶ್ವವಾಯು, ಕಿಡ್ನಿ ಕೈಕೊಡುವುದು, ರಕ್ತ ಸೋರಿ ಮತ್ತೆ ಎದೆ ತೆರೆಯಬೇಕಾಗುವುದು, ಎದೆ ಮೂಳೆಯ ಆಳದಲ್ಲಿ ಸೋಂಕು, ಒಂದು ದಿನಕ್ಕಿಂತ ಜಾಸ್ತಿ ವೆಂಟಿಲೇಟರ್ ಮೇಲೆ ಇರಬೇಕಾಗುವುದು. ಈ ಐದನ್ನು ಅಮೆರಿಕದ ಎದೆ ಶಸ್ತ್ರಚಿಕಿತ್ಸಕರ ಸಂಘ ದೊಡ್ಡ ತೊಡಕು ಎಂದು ಲೆಕ್ಕಕ್ಕೆ ಹಿಡಿಯುತ್ತದೆ. 1989ರಿಂದ ಅವರು ಆಸ್ಪತ್ರೆಗಳಿಂದ ಈ ಮಾಹಿತಿ ಸೇರಿಸುತ್ತಿದ್ದಾರೆ. ಇವುಗಳಲ್ಲದೆ ಬಡಿತ ತಾಳ ತಪ್ಪುವುದು ಹತ್ತರಲ್ಲಿ ಮೂವರಿಗೆ ಆಗುತ್ತದೆ ಎಂದೂ ಹೇಳಿದರು. ನಮ್ಮಲ್ಲಿ ಆಗುವುದಿಲ್ಲ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ.

ನಾನು ಕಳೆದ ವರ್ಷದ ಲೆಕ್ಕ ಕೇಳಿದೆ. ಮಾರನೇ ದಿನ ಒಂದು ಹಾಳೆ ಕೊಟ್ಟರು. ಎಷ್ಟು ಬೈಪಾಸ್, ಎಷ್ಟು ಸಾವು, ಮೇಲಿನ ಐದು ತೊಡಕುಗಳಲ್ಲಿ ಯಾವುದು ಎಷ್ಟು ಜನಕ್ಕೆ ಎಂದು ಕೈಯಲ್ಲಿ ಗೆರೆ ಎಳೆದು ಮಾಡಿದ ಪಟ್ಟಿ. ಕೆಳಗೆ ಸರ್ಜನ್ ಸಹಿ. ಅವರ ಎಷ್ಟೋ ಸಂಖ್ಯೆಗಳು ನಾನು ಅಂದುಕೊಂಡಷ್ಟು ಚೆನ್ನಾಗಿರಲಿಲ್ಲ. ಆದರೂ ಅಲ್ಲೇ ಮಾಡಿಸೋಣ ಎಂದೆ.

ಸಣ್ಣ ಸಂಖ್ಯೆಗಳ ಬಗ್ಗೆ ಒಂದು ಮಾತು. ವರ್ಷಕ್ಕೆ 50 ಬೈಪಾಸ್ ಮಾಡುವ ಕಡೆ "ಹೋದ ವರ್ಷ ಒಂದೂ ಸಾವಿಲ್ಲ" ಎಂದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಿಜವಾದ ಸಾವಿನ ಪ್ರಮಾಣ ನೂರಕ್ಕೆ ಎರಡೇ ಇದ್ದರೂ, 50 ಆಪರೇಷನ್‌ನಲ್ಲಿ ಒಂದೂ ಸಾವಾಗದೆ ವರ್ಷ ಕಳೆಯುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. ಕಾಗದ ಪೆನ್ನು ಹಿಡಿದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಅದಕ್ಕೇ ಮೂರು ನಾಲ್ಕು ವರ್ಷದ್ದನ್ನು ಒಟ್ಟಿಗೆ ಕೇಳಬೇಕು. ಜಾಸ್ತಿ ಮಾಡುವ ಕಡೆ ಸಾಮಾನ್ಯವಾಗಿ ಸಾವು ಕಡಿಮೆ ಎಂಬುದನ್ನು 1979ರಲ್ಲೇ ಹ್ಯಾರಲ್ಡ್ ಲುಫ್ಟ್ ಮತ್ತು ಜೊತೆಗಾರರು ತೋರಿಸಿದ್ದರು. ಬೈಪಾಸ್ ಅವರು ನೋಡಿದ ಆಪರೇಷನ್‌ಗಳಲ್ಲಿ ಒಂದು. ನಾವು ಆರಿಸಿದ್ದು ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ವಾರದಲ್ಲಿ ಐದು ದಿನವೂ ಆಪರೇಷನ್ ಇರುತ್ತಿತ್ತು.

ಸರ್ಜನ್ ಹೃದಯದ ಚಿತ್ರ ಬರೆದು ತೋರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎದೆಗೂಡಿನ ಒಳಗೋಡೆಯಲ್ಲಿ ಇಳಿಯುವ ಒಂದು ರಕ್ತನಾಳವನ್ನು ಬಿಡಿಸಿ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸುತ್ತಾರೆ. ಉಳಿದ ಎರಡಕ್ಕೆ ಕಾಲಿನಿಂದ ತೆಗೆದ ಸಿರೆ. ಕಾಲಿನ ಸಿರೆ ಬಳಸಿ ಬೈಪಾಸ್ ಮಾಡುವುದನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಶುರುಮಾಡಿ ರೂಢಿಗೆ ತಂದವರು ಅರ್ಜೆಂಟೀನಾದ ರೆನೆ ಫವಲೋರೊ. ಆ ಸಿರೆಗಳಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಅರ್ಧದ ಹತ್ತಿರ ಮುಚ್ಚಿಕೊಳ್ಳುತ್ತವೆ. ಎದೆಯ ರಕ್ತನಾಳ ಹಾಗಲ್ಲ, ಹತ್ತರಲ್ಲಿ ಒಂಬತ್ತು ಆಗಲೂ ತೆರೆದೇ ಇರುತ್ತವೆ. ಅದನ್ನು ಬಳಸಿದವರು ಜಾಸ್ತಿ ವರ್ಷ ಬದುಕುತ್ತಾರೆ ಎಂಬುದು 1986ರಲ್ಲಿ ಗೊತ್ತಾಯಿತು. ಈಗ ಆಸ್ಪತ್ರೆಯ ಗುಣಮಟ್ಟ ಅಳೆಯುವಾಗ ಎಷ್ಟು ಜನರಿಗೆ ಎದೆಯ ರಕ್ತನಾಳ ಬಳಸಿದರು ಅನ್ನುವುದನ್ನೂ ನೋಡುತ್ತಾರೆ. ಬಿಡಿಸುವುದಕ್ಕೆ ಸಮಯ ಬೇಕು, ಕೈಚಳಕ ಬೇಕು. ಹಾಗಾಗಿ ನೀವು ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಹಿಂದಿನ ದಿನ ಅಪ್ಪನ ಎದೆಯ, ಕಾಲಿನ ಕೂದಲು ತೆಗೆಯಲು ಬಂದವರ ಕೈಯಲ್ಲಿ ರೇಜರ್ ಇರಲಿಲ್ಲ, ಕ್ಲಿಪ್ಪರ್ ಇತ್ತು. ರೇಜರ್ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರು ಮಾಡುತ್ತದೆ, ಅಲ್ಲಿ ಸೋಂಕು ಹಿಡಿಯುತ್ತದೆ. ಆಂಟಿಬಯೋಟಿಕ್ ಅನ್ನು ಕತ್ತರಿಸುವ ಮೊದಲಿನ ಒಂದು ಗಂಟೆಯೊಳಗೆ ಕೊಡಬೇಕು, ಅದರ ಸಮಯವನ್ನು ಚೀಟಿಯಲ್ಲಿ ಬರೆದಿದ್ದರು. ಶುಗರ್ 180 ದಾಟದಂತೆ ಆಪರೇಷನ್ ನಂತರ ಇನ್ಸುಲಿನ್ ಹನಿ ಹಾಕಿದ್ದರು. ಇವೆಲ್ಲ ಪುಟ್ಟ ಕೆಲಸಗಳು. ಒಂದು ದಿನ ಚೆನ್ನಾಗಿ ಮಾಡುವುದು ಸುಲಭ. ಪ್ರತಿ ದಿನ, ಪ್ರತಿ ರೋಗಿಗೆ, ರಾತ್ರಿ ಪಾಳಿಯಲ್ಲೂ ಮಾಡುವುದು ಕಷ್ಟ. ಕಾರ್ಖಾನೆಯಲ್ಲಿ ನಾನು ದಿನಾ ಹೋರಾಡುವುದು ಇದಕ್ಕೇ.

ಆ ರಾತ್ರಿಗೆ ಬರುತ್ತೇನೆ.

ಆಪರೇಷನ್ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಅಪ್ಪನನ್ನು ಐಸಿಯುಗೆ ತಂದರು. ಎದೆಯಿಂದ ಎರಡು ಡ್ರೈನ್ ಟ್ಯೂಬ್ ಹೊರಬಂದು ಮಂಚದ ಕೆಳಗಿನ ಬಾಟಲಿಗೆ ಇಳಿದಿದ್ದವು. ಬಾಟಲಿಯ ಮೇಲೆ ಬಿಳಿ ಟೇಪ್ ಅಂಟಿಸಿ ಸಿಸ್ಟರ್ ಪ್ರತಿ ಗಂಟೆಗೂ ನೀಲಿ ಪೆನ್ನಿನಲ್ಲಿ ಗೆರೆ ಹಾಕುತ್ತಿದ್ದರು. ಸಂಜೆ ಐದು ನಿಮಿಷ ಒಳಗೆ ಬಿಟ್ಟಾಗ ನೋಡಿದೆ. ಗೆರೆಗಳು ಹತ್ತಿರ ಹತ್ತಿರ ಇದ್ದವು. ನಮ್ಮ ಶಾಪ್‌ನಲ್ಲಿ ಅಳತೆಯ ಚಾರ್ಟ್ ನೋಡುವ ಕಣ್ಣು ನನ್ನದು, ಹಾಗಾಗಿ ಸಮಾಧಾನವಾಯಿತು. ರಾತ್ರಿ ಎಂಟರ ಮೇಲೆ ಗೆರೆ ದೂರ ಸರಿಯತೊಡಗಿತಂತೆ. ಒಂದು ಗಂಟೆಯಲ್ಲಿ 250 ಮಿಲಿ, ಮುಂದಿನ ಗಂಟೆ 410, ಅದರ ಮುಂದಿನದು 430. ಮೊದಲ ಗೆರೆ ದೂರವಾದಾಗಲೇ ಸಿಸ್ಟರ್ ಡಾಕ್ಟರನ್ನು ಕರೆದಿದ್ದರು. ಅವರು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಕಳಿಸಿ, ಸರ್ಜನ್‌ಗೆ ಫೋನ್ ಮಾಡಿದ್ದರು. ಹನ್ನೊಂದೂ ಕಾಲಿಗೆ ಸರ್ಜನ್ ಐಸಿಯು ಬಾಗಿಲಲ್ಲಿದ್ದರು. ಹನ್ನೆರಡಕ್ಕೆ ಮೊದಲೇ ಅಪ್ಪ ಮತ್ತೆ ಆಪರೇಷನ್ ಕೋಣೆಯಲ್ಲಿದ್ದರು.

ಹೊರಗಿನ ಬೆಂಚಿನ ಮೇಲೆ ನಾನು, ಅಮ್ಮ. ಅಮ್ಮ ಒಂದು ಮಾತೂ ಆಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾ ಕುಳಿತಿದ್ದರು.

ಒಂದೂವರೆಗೆ ಸರ್ಜನ್ ಹೊರಗೆ ಬಂದರು. ಟೋಪಿ ತೆಗೆದು ಅಮ್ಮನ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತರು. "ಅಮ್ಮಾ, ರಕ್ತ ನಿಂತಿದೆ. ಎದೆಯ ರಕ್ತನಾಳ ಬಿಡಿಸಿದ ಜಾಗದಲ್ಲಿ ಒಂದು ಸಣ್ಣ ಕವಲು. ಅದಕ್ಕೆ ನಾನೇ ಹಾಕಿದ್ದ ಕ್ಲಿಪ್ ಜಾರಿತ್ತು. ಈಗ ಹೊಲಿದಿದ್ದೇನೆ" ಎಂದರು. ನಾನೇ ಹಾಕಿದ್ದ ಎಂಬ ಆ ಮಾತು. ರೋಗಿಯ ರಕ್ತ ತೆಳುವಾಗಿತ್ತು, ಔಷಧಿಯ ಪರಿಣಾಮ, ಹೀಗೆ ಏನು ಬೇಕಾದರೂ ಹೇಳಬಹುದಿತ್ತು. ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಬೈಪಾಸ್ ಆದವರಲ್ಲಿ ನೂರಕ್ಕೆ ಎರಡು ಮೂರು ಜನರನ್ನು ಹೀಗೆ ಮತ್ತೆ ಒಳಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಎಂಥ ಕೈಯಾದರೂ ಇದು ಪೂರ್ತಿ ತಪ್ಪುವುದಿಲ್ಲ. ಆಸ್ಪತ್ರೆಗಳ ನಡುವಿನ ವ್ಯತ್ಯಾಸ ಇರುವುದು ಆ ನೀಲಿ ಗೆರೆ ಮತ್ತು ಸರ್ಜನ್‌ನ ಫೋನ್ ನಡುವಿನ ಸಮಯದಲ್ಲಿ. ಅಮೆರಿಕದ ಜೆಫ್ರಿ ಸಿಲ್ಬರ್ ಎಂಬ ವೈದ್ಯರು ಮತ್ತು ಜೊತೆಗಾರರು 1992ರಲ್ಲಿ ಇದಕ್ಕೆ ಒಂದು ಅಳತೆಗೋಲು ಕೊಟ್ಟರು. ತೊಡಕು ಆದವರಲ್ಲಿ ಎಷ್ಟು ಜನರನ್ನು ಉಳಿಸಿಕೊಳ್ಳಲು ಆಗಲಿಲ್ಲ ಎಂದು ಎಣಿಸುವುದು. ಅದೇ ಸಿಲ್ಬರ್ 1995ರಲ್ಲಿ ಬೈಪಾಸ್ ಮಾಡುವ ಆಸ್ಪತ್ರೆಗಳನ್ನೇ ಹಿಡಿದು ನೋಡಿದರು. ತೊಡಕಿನ ಪ್ರಮಾಣದ ಮೇಲೆ ಆಸ್ಪತ್ರೆಗಳನ್ನು ಸಾಲಾಗಿ ನಿಲ್ಲಿಸಿದರೆ ಬರುವ ಕ್ರಮವೇ ಬೇರೆ, ಸಾವಿನ ಪ್ರಮಾಣದ ಮೇಲೆ ನಿಲ್ಲಿಸಿದರೆ ಬರುವ ಕ್ರಮವೇ ಬೇರೆ. ತೊಡಕು ಕಡಿಮೆ ಎಂದು ತೋರಿಸುವ ಆಸ್ಪತ್ರೆಯಲ್ಲಿ ಸಾವೂ ಕಡಿಮೆ ಇರುತ್ತದೆ ಎಂದು ಹೇಳಲು ಆಗುವುದಿಲ್ಲ.

ಇದನ್ನು ಚಿಕ್ಕಪ್ಪನಿಗೆ ಅರ್ಥ ಮಾಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಯಾಕೆ ಹೀಗೆ ಅಂದರೆ, ಕಾರಣ ಹಲವು. ತೊಡಕು ಆಗುವುದು ಬಹಳ ಮಟ್ಟಿಗೆ ರೋಗಿ ಯಾವ ಸ್ಥಿತಿಯಲ್ಲಿ ಬಂದರು ಅನ್ನುವುದನ್ನು ಅವಲಂಬಿಸಿದೆ. ಉಳಿಸಿಕೊಳ್ಳುವುದು ಆಸ್ಪತ್ರೆಯ ಕೈಯಲ್ಲಿದೆ: ಸಿಸ್ಟರ್‌ಗಳು ಎಷ್ಟು ಜನ, ರಾತ್ರಿ ಡಾಕ್ಟರ್ ಇದ್ದಾರೋ ಇಲ್ಲವೋ, ರಕ್ತ ಸಿದ್ಧವಿದೆಯೋ ಇಲ್ಲವೋ. ಇನ್ನೊಂದು ಮುಖ್ಯ ವಿಷಯ, ಹುಡುಕಿದವರಿಗೆ ಜಾಸ್ತಿ ಸಿಗುತ್ತದೆ. ನಮ್ಮ ಕಾರ್ಖಾನೆಯಲ್ಲಿ ಹೊಸ ಅಳತೆ ಯಂತ್ರ ತಂದ ತಿಂಗಳು ರಿಜೆಕ್ಷನ್ ಏರಿತು. ಮಾಲು ಕೆಟ್ಟಿರಲಿಲ್ಲ. ಮೊದಲು ಕಾಣದಿದ್ದದ್ದು ಕಾಣಿಸಿತು.

ಮೂರನೇ ರಾತ್ರಿ ನಡೆದದ್ದು ಇದಕ್ಕೆ ಸರಿಯಾದ ಉದಾಹರಣೆ. ಅಪ್ಪ ಐಸಿಯುನಿಂದ ವಾರ್ಡಿಗೆ ಬಂದಿದ್ದರು. ವಾರ್ಡಿನಲ್ಲೂ ಎದೆಗೆ ಮಾನಿಟರ್ ತಂತಿ ಹಾಗೇ ಇತ್ತು. ರಾತ್ರಿ ಎರಡೂವರೆಗೆ ಅಪ್ಪ ಗಾಢ ನಿದ್ದೆಯಲ್ಲಿದ್ದಾಗ ಬಡಿತ 140ಕ್ಕೆ ಏರಿ ಅಡ್ಡಾದಿಡ್ಡಿ ಓಡತೊಡಗಿತು. ಅಪ್ಪನಿಗೆ ಏನೂ ಗೊತ್ತಾಗಿರಲಿಲ್ಲ. ಸಿಸ್ಟರ್ ಬಂದು ಈಸಿಜಿ ತೆಗೆದು, ಪೊಟ್ಯಾಸಿಯಂ ನೋಡಿ, ಡಾಕ್ಟರ್ ಹೇಳಿದ ಹಾಗೆ ತಾಳ ಸರಿಮಾಡುವ ಅಮಿಯೋಡರೋನ್ ಔಷಧಿಯ ಡ್ರಿಪ್ ಶುರುಮಾಡಿದರು. ಮಾರನೇ ಸಂಜೆ ತಾಳ ಸರಿಹೋಯಿತು. ಬೈಪಾಸ್ ಆದ ಎರಡರಿಂದ ನಾಲ್ಕನೇ ದಿನದೊಳಗೆ ಇದು ಬರುವುದೇ ಜಾಸ್ತಿ. ಹಾಗೇ ಬಿಟ್ಟರೆ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಅಪಾಯವಿದೆ. ಮಾನಿಟರ್ ಅನ್ನು ಎರಡನೇ ದಿನವೇ ಬಿಚ್ಚುವ ಕಡೆಯಾಗಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವರ ಪಟ್ಟಿಯಲ್ಲಿ ಒಂದು ತೊಡಕು ಕಡಿಮೆಯಾಗಿರುತ್ತಿತ್ತು.

ಫಿಸಿಯೋಥೆರಪಿ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಚೆನ್ನಾಗಿತ್ತು. ಉಸಿರಾಟದ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್ ಊದಲು ಅಲ್ಲ, ಒಳಗೆ ಎಳೆಯಲು ಎಂದು ಹತ್ತು ಸಲ ಹೇಳಿಕೊಟ್ಟರು. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು. ಎದೆಯ ಮೂಳೆಯನ್ನು ಸ್ಟೀಲ್ ತಂತಿಯಲ್ಲಿ ಕಟ್ಟಿರುತ್ತಾರೆ, ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಕೋಣೆ ಚಿಕ್ಕದು, ಜೊತೆಗಿರುವವರಿಗೆ ಮಲಗಲು ಜಾಗ ಸಾಲದು. ಅದಕ್ಕೆಲ್ಲ ನಾನು ಸ್ಟಾರ್ ಕಳೆಯುವುದಿಲ್ಲ.

ಕಳೆದದ್ದು ಇದಕ್ಕೆ. ಎಂಟನೇ ದಿನ ಡಿಸ್ಚಾರ್ಜ್ ಆಯಿತು. ಮನೆಗೆ ಬಂದ ಆರನೇ ದಿನ ಅಪ್ಪನ ಎಡಗಾಲಿನಲ್ಲಿ, ಸಿರೆ ತೆಗೆದ ಜಾಗದಲ್ಲಿ, ಮೊಣಕಾಲಿನ ಕೆಳಗೆ ಕೆಂಪಾಗಿ ನೀರು ಜಿನುಗತೊಡಗಿತು. ಡಿಸ್ಚಾರ್ಜ್ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅದು ಅಪಾಯಿಂಟ್‌ಮೆಂಟ್ ಕೊಡುವ ನಂಬರ್. ಎತ್ತಿದವರು "ಮಂಗಳವಾರ ಓಪಿಡಿ ಇದೆ, ಬನ್ನಿ" ಎಂದರು. ಅವತ್ತು ಗುರುವಾರ. ಶುಗರ್ ಇರುವವರು, ಬೈಪಾಸ್ ಆಗಿ ಎರಡು ವಾರ, ಗಾಯ ಕೆಂಪಾಗಿದೆ ಎಂದು ಮತ್ತೆ ಹೇಳಿದೆ. "ಮಂಗಳವಾರ ಡಾಕ್ಟರ್ ನೋಡ್ತಾರೆ" ಎಂದರು. ಶುಕ್ರವಾರ ರಾತ್ರಿ ಜ್ವರ ಬಂತು. ಶನಿವಾರ ಬೆಳಿಗ್ಗೆ ನಾವೇ ಕರೆದುಕೊಂಡು ಹೋದೆವು. ಕೀವು ತೆಗೆದು, ಆಂಟಿಬಯೋಟಿಕ್ ಶುರುಮಾಡಿದರು. ಮೂರು ವಾರ ದಿನ ಬಿಟ್ಟು ದಿನ ಡ್ರೆಸಿಂಗ್ ಆಯಿತು. ಎದೆಯ ಗಾಯಕ್ಕೆ ಏನೂ ಆಗಿರಲಿಲ್ಲ, ಪುಣ್ಯ. ಎದೆಯ ಆಳಕ್ಕೆ ಸೋಂಕು ಹೋದರೆ ಜೀವಕ್ಕೇ ಅಪಾಯ.

ಐಸಿಯುನಲ್ಲಿ ಗಂಟೆಗೊಂದು ಗೆರೆ ಹಾಕಿ ಕಾದ ಆಸ್ಪತ್ರೆ, ಗೇಟು ದಾಟಿದ ಮೇಲೆ ಅಪ್ಪನನ್ನು ಮಂಗಳವಾರದವರೆಗೆ ಮರೆತಿತ್ತು. ನನಗೆ ತುಂಬ ನೋವಾಯಿತು.

ಮೊದಲು ಕೊಟ್ಟಿದ್ದ ಆ ಹಾಳೆಯನ್ನು ಮನೆಯಲ್ಲಿ ಮತ್ತೆ ತೆಗೆದು ನೋಡಿದೆ. ಸೋಂಕಿನ ಸಾಲಿನಲ್ಲಿದ್ದ ಸಂಖ್ಯೆ ತುಂಬ ಚಿಕ್ಕದು. ಡ್ರೆಸಿಂಗ್‌ಗೆ ಹೋದ ದಿನ ಸರ್ಜನ್ ಸಿಕ್ಕಾಗ ಕೇಳಿದೆ: "ಅಪ್ಪನ ಕಾಲಿನ ಸೋಂಕು ಈ ಸಾಲಿಗೆ ಸೇರುತ್ತದಾ ಡಾಕ್ಟರ್?" ಅವರು ಯೋಚಿಸಿ, "ಇಲ್ಲ, ಡಿಸ್ಚಾರ್ಜ್ ಆಗುವವರೆಗೆ ಆದದ್ದನ್ನು ಮಾತ್ರ ಬರೆಯುತ್ತೇವೆ" ಎಂದರು. ಇಲ್ಲಿಯೂ ಸತ್ಯವನ್ನೇ ಹೇಳಿದರು. ಆದರೆ ಬೈಪಾಸ್‌ನ ಸೋಂಕು ಬಹಳ ಸಲ ಮನೆಗೆ ಹೋದ ಮೇಲೇ ಹೊರಬೀಳುತ್ತದೆ. ಅದಕ್ಕೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ನಿಯಮದಲ್ಲಿ ಬೈಪಾಸ್ ಆದವರ ಎದೆಯ ಆಳದ ಸೋಂಕಿಗೆ 90 ದಿನ, ಕಾಲಿನ ಗಾಯಕ್ಕೆ 30 ದಿನ ನಿಗಾ ಇಡಬೇಕು ಎಂದಿದೆ. ಎಂಟನೇ ದಿನಕ್ಕೆ ಎಣಿಕೆ ನಿಲ್ಲಿಸಿದರೆ ಬರುವ ಸಂಖ್ಯೆ ಸುಳ್ಳಲ್ಲ, ಆದರೆ ಅದು ಸೋಂಕಿನ ಸಂಖ್ಯೆಯೂ ಅಲ್ಲ. ಮಾಲು ಗೇಟಿನಿಂದ ಹೊರಗೆ ಹೋದ ಮೇಲೆ ಗ್ರಾಹಕರಿಂದ ವಾಪಸು ಬಂದದ್ದನ್ನು ಎಣಿಸದ ಹಾಗೆ.

ಎಣಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಕಡೆಯ ಅನುಭವ ಇದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ 1989ರಿಂದ ಪ್ರತಿ ಆಸ್ಪತ್ರೆಯ ಬೈಪಾಸ್ ಸಾವುಗಳನ್ನು ಎಣಿಸಿ, ರೋಗಿಗಳ ಸ್ಥಿತಿಗೆ ತಕ್ಕಂತೆ ಲೆಕ್ಕ ಸರಿಹೊಂದಿಸಿ, 1990ರಿಂದ ಬಹಿರಂಗ ಮಾಡತೊಡಗಿತು. ಒಂದು ಪತ್ರಿಕೆ ಕೋರ್ಟಿಗೆ ಹೋದ ಮೇಲೆ 1991ರಲ್ಲಿ ಒಬ್ಬೊಬ್ಬ ಸರ್ಜನ್‌ನ ಸಂಖ್ಯೆಯೂ ಹೊರಬಂತು. ಹೀಗೆ ಸರಿಹೊಂದಿಸಿದ ಸಾವಿನ ಪ್ರಮಾಣ 1989ರಲ್ಲಿ ಶೇ. 4.17 ಇದ್ದದ್ದು 1992ಕ್ಕೆ ಶೇ. 2.45ಕ್ಕೆ ಇಳಿಯಿತು. ಇದಕ್ಕೆ ಇನ್ನೊಂದು ಮುಖವೂ ಇದೆ. ಹೀಗೇ ಪ್ರಕಟಿಸುತ್ತಿದ್ದ ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಹೃದಯದ ಡಾಕ್ಟರುಗಳನ್ನು ಕೇಳಿದಾಗ, ತೀರಾ ಕಷ್ಟದ ಸ್ಥಿತಿಯಲ್ಲಿರುವವರಿಗೆ ಸರ್ಜನ್ ಸಿಗುವುದು ಮೊದಲಿಗಿಂತ ಕಷ್ಟವಾಗಿದೆ ಎಂದು ಅರ್ಧಕ್ಕಿಂತ ಜಾಸ್ತಿ ಜನ ಹೇಳಿದರು. ಸಂಖ್ಯೆ ಕೆಡುತ್ತದೆ ಎಂಬ ಭಯಕ್ಕೆ ರೋಗಿಯನ್ನೇ ಬೇಡ ಎನ್ನುವುದು ದೊಡ್ಡ ಅನ್ಯಾಯ. ಅಪ್ಪನ ಶುಗರ್ ನೋಡಿ ಯಾರಾದರೂ ಹಾಗೆ ಅಂದಿದ್ದರೆ ನಾವು ಎಲ್ಲಿಗೆ ಹೋಗಬೇಕಿತ್ತು?

ನನಗೆ ತುಂಬ ಹಿಡಿಸಿದ್ದು ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ಎಂಬ ಅಮೆರಿಕದ ಮೂರು ರಾಜ್ಯಗಳ ಸರ್ಜನ್‌ಗಳು ಮಾಡಿದ ಕೆಲಸ. ತಮ್ಮ ತಮ್ಮ ಸಂಖ್ಯೆಗಳನ್ನು ಒಬ್ಬರ ಮುಂದೊಬ್ಬರು ಇಟ್ಟರು. ಆಮೇಲೆ ಒಬ್ಬರ ಆಸ್ಪತ್ರೆಗೆ ಇನ್ನೊಬ್ಬರು ಹೋಗಿ ನಿಂತು ನೋಡಿದರು. ಸರ್ಜನ್ ಒಬ್ಬರೇ ಅಲ್ಲ, ಸಿಸ್ಟರ್‌ಗಳು, ಹೃದಯ ಶ್ವಾಸಕೋಶ ಯಂತ್ರ ನಡೆಸುವವರು ಎಲ್ಲರೂ. ಸಾವು ಶೇ. 24ರಷ್ಟು ಇಳಿಯಿತು ಎಂದು 1996ರಲ್ಲಿ ವರದಿಯಾಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಎಣಿಸಿದರು, ಮುಚ್ಚಿಡದೆ ತೋರಿಸಿದರು, ಪಕ್ಕದವರಿಂದ ಕಲಿತರು.

ಆಸ್ಪತ್ರೆಗೆ ನಾನು ಬರೆದ ದೂರಿನಲ್ಲಿ ಎರಡೇ ಬೇಡಿಕೆ ಇಟ್ಟಿದ್ದೆ. ಡಿಸ್ಚಾರ್ಜ್ ಚೀಟಿಯಲ್ಲಿ ಗಾಯದ ವಿಷಯ ಗೊತ್ತಿರುವ ಸಿಸ್ಟರ್ ಎತ್ತುವ ನಂಬರ್ ಇರಬೇಕು. 30ನೇ ದಿನ, 90ನೇ ದಿನ ಮನೆಗೆ ಫೋನ್ ಮಾಡಿ ಕೇಳಿ, ಆದದ್ದನ್ನು ಪಟ್ಟಿಗೆ ಸೇರಿಸಬೇಕು. ಹೋದ ವಾರ ಸೋಂಕು ತಡೆಯುವ ವಿಭಾಗದ ಸಿಸ್ಟರ್ ಫೋನ್ ಮಾಡಿದ್ದರು. ನಂಬರ್ ಬದಲಾಗಿದೆ ಎಂದರು. ನಾನು ಅದಕ್ಕೆ ಫೋನ್ ಮಾಡಿ ನೋಡಿದೆ, ವಾರ್ಡಿನ ಸಿಸ್ಟರೇ ಎತ್ತಿದರು. ಎರಡನೆಯದು ಇನ್ನೂ ಶುರುವಾಗಿಲ್ಲ, ಪಟ್ಟಿಯಲ್ಲಿ ಎರಡು ಹೊಸ ಕಾಲಂ ಹಾಕಿದ್ದೇವೆ ಎಂದರು. ಅಪ್ಪನ ಕಾಲು ಹೇಗಿದೆ ಎಂದು ಕೇಳಿ, ಯಾವ ದಿನ ಕೆಂಪಾಯಿತು, ಯಾವ ದಿನ ಜ್ವರ ಬಂತು ಎಂದು ತಾರೀಖು ಬರೆದುಕೊಂಡರು.

ಅಪ್ಪ ಈಗ ದಿನಾ ಮುಕ್ಕಾಲು ಗಂಟೆ ನಡೆಯುತ್ತಾರೆ, ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರೆ. ಆಸ್ಪತ್ರೆಯ ಮುಂದಿನ ಹಾಳೆ ಮೂರು ತಿಂಗಳಿಗೆ ಬರುತ್ತದಂತೆ. ಸೋಂಕಿನ ಸಾಲಿನಲ್ಲಿ ಆ ಕಾಲೂ ಎಣಿಕೆಗೆ ಬಂದಿದ್ದರೆ ಐದನೇ ಸ್ಟಾರ್ ಇಲ್ಲೇ ಸೇರಿಸುತ್ತೇನೆ.